ಅಂಕಣದ ಲೆಕ್ಕದಲ್ಲಿ ಬೆಳೆದ ಮನೆಗಳು

ಹಿರೇಗುಂಟನೂರು ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ. ಆಸುಪಾಸಿನಲ್ಲಿ ಕಬ್ಬಿಣದ ಅದಿರಿನ ಗುಡ್ಡಗಳು, ಭೀಮಸಮುದ್ರದ ದೊಡ್ಡ ಕೆರೆ, ಕೆರೆಯ ನೀರುಂಡ ಅಡಿಕೆ ತೋಟಗಳು, ಉಳಿದದ್ದೆಲ್ಲ ಮುಗಿಲು ನೋಡಿ ಬಿತ್ತುವ ಹೊಲ. ಈ ಸೀಮೆಯ ಹಳೆಯ, ಮಣ್ಣಿನ ಮಟ್ಟಸ ಮಾಡಿನ ಮಾಳಿಗೆ ಮನೆಗಳ ಬಗ್ಗೆ ಬರೆಯುವವರು ಅವುಗಳ ತಂಪನ್ನು ಹೊಗಳಿ, ಬಾಗಿಲವಾಡದ ಕೆತ್ತನೆಯನ್ನು ವರ್ಣಿಸಿ, ಅಯ್ಯೋ ಹೋದವಲ್ಲ ಎಂದು ಮುಗಿಸುವುದೇ ಹೆಚ್ಚು. ಆ ಮನೆಗಳನ್ನು ಯಾರೂ ಒಂದೇ ಸಲಕ್ಕೆ ಕಟ್ಟಿ ಮುಗಿಸಿರಲಿಲ್ಲ ಎಂಬ ಸಂಗತಿ ಈ ಹೊಗಳಿಕೆಯಲ್ಲಿ ಕಣ್ಮರೆಯಾಗುತ್ತದೆ. ಮೂರಂಕಣದಲ್ಲಿ ಶುರುವಾದ ಮನೆ ಮಗನ ಮದುವೆಗೆ ಆರಂಕಣವಾಗುತ್ತಿತ್ತು, ರಾಗಿ ಜೋಳ ಕೈಹಿಡಿದ ವರ್ಷ ಒಂಬತ್ತಕ್ಕೆ ಏರುತ್ತಿತ್ತು, ಅಣ್ಣತಮ್ಮಂದಿರು ಬೇರೆಯಾದ ದಿನ ಮತ್ತೆ ಮೂರು ಮೂರಾಗಿ ಒಡೆಯುತ್ತಿತ್ತು. ಹೀಗೆ ಹಿಗ್ಗಿಸುವ ಕೆಲಸದ ಬಹುಪಾಲು ಮನೆಯವರ ಕೈಯದೇ. ಇದನ್ನು ಬಡವರ ಜಾಣತನವೆಂದು ಮೆಚ್ಚಿ ಮುಂದೆ ಹೋಗುವುದು ಸುಲಭ. ಆದರೆ ಬಯಲುಸೀಮೆಯ ಮಾಳಿಗೆ ಮನೆ ಹಿಗ್ಗುವುದಕ್ಕೆಂದೇ ರೂಪುಗೊಂಡ ಕಟ್ಟಡ ಎಂಬುದು ನನ್ನ ವಾದ. ಅದನ್ನು ಒಕ್ಕಲು ಕುಟುಂಬವೊಂದು ತಾನೇ ಹಿಗ್ಗಿಸಿಕೊಳ್ಳಲು ಸಾಧ್ಯವಾದದ್ದು ಕೈಚಳಕದಿಂದಲ್ಲ. ಅಳತೆ, ಸಾಮಗ್ರಿ, ಆಳು ಮೂರೂ ಬಹುಮಟ್ಟಿಗೆ ದುಡ್ಡಿನ ಹೊರಗೆ ಸಿಗುತ್ತಿದ್ದುದರಿಂದ.

ಮೊದಲು ಅಳತೆ. ಈ ಕಡೆ ಹಳಬರು ಮನೆಯ ದೊಡ್ಡಸ್ತಿಕೆಯನ್ನು ಚದರಡಿಯಲ್ಲಿ ಹೇಳುವುದಿಲ್ಲ, ಅಂಕಣದಲ್ಲಿ ಹೇಳುತ್ತಾರೆ. ನಾಲ್ಕು ಕಂಬಗಳ ನಡುವಿನ ಚೌಕ ಒಂದು ಅಂಕಣ. ಒಂದೊಂದು ಮಗ್ಗುಲು ಹೆಚ್ಚೂಕಡಿಮೆ ಎಂಟೊಂಬತ್ತು ಅಡಿ. ಈ ಎಂಟೊಂಬತ್ತು ಅಡಿಯನ್ನು ಯಾವ ಶಾಸ್ತ್ರವೂ ಗೊತ್ತುಮಾಡಿದ್ದಲ್ಲ, ಮರ ಗೊತ್ತುಮಾಡಿದ್ದು. ಚಿತ್ರದುರ್ಗದ ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಸಿಗುವುದು ಬೇವು, ಜಾಲಿ, ಮತ್ತಿ, ಕಮರ. ಗಟ್ಟಿ ಮರಗಳೇ, ಆದರೆ ಮಲೆನಾಡಿನ ಮರಗಳಂತೆ ನೆಟ್ಟಗೆ ಉದ್ದಕ್ಕೆ ಬೆಳೆಯುವಂಥವಲ್ಲ. ಅಂಥ ಮರದಿಂದ ಬರುವ ತೊಲೆಯ ಮೇಲೆ ಮಣ್ಣಿನ ಮಾಳಿಗೆ ಕೂರಬೇಕು. ಒಂಬತ್ತಡಿ ಚೌಕದ ಅಂಕಣಕ್ಕೆ ಅರ್ಧ ಅಡಿ ದಪ್ಪ ಮಣ್ಣು ಹಾಕಿದರೂ ಸುಮಾರು ಎರಡು ಟನ್ ಭಾರ. ತೊಲೆ ಅದಕ್ಕಿಂತ ಉದ್ದವಾದರೆ ನಡು ಬಾಗುತ್ತದೆ. ಹಾಗಾಗಿ ಕೋಣೆ ದೊಡ್ಡದು ಬೇಕೆಂದರೆ ತೊಲೆಯನ್ನು ಉದ್ದ ಮಾಡುವಂತಿರಲಿಲ್ಲ, ಇನ್ನೊಂದು ಸಾಲು ಕಂಬ ನಿಲ್ಲಿಸಬೇಕಿತ್ತು. ಊರ ದೇವಸ್ಥಾನದ ನವರಂಗವೂ ಇದೇ ಲೆಕ್ಕ: ನಡುವೆ ನಾಲ್ಕು ಕಂಬ, ಸುತ್ತ ಎಂಟು ಅಂಕಣ, ಒಟ್ಟು ಒಂಬತ್ತು. ಅಲ್ಲಿ ಕಲ್ಲು, ಇಲ್ಲಿ ಮರ, ಅಷ್ಟೇ. ದೇವಸ್ಥಾನಕ್ಕೆ ದಿನವೂ ಹೋಗುವವನಿಗೆ ಒಂಬತ್ತಂಕಣದ ಮನೆ ಹೇಗೆ ನಿಲ್ಲುತ್ತದೆ ಎಂದು ಯಾರೂ ನಕ್ಷೆ ಬರೆದು ತೋರಿಸಬೇಕಿರಲಿಲ್ಲ.

ಅಳತೆಗಿಂತಲೂ ಮುಖ್ಯವಾದದ್ದು ಮಾಡಿನ ಆಕಾರ, ಮತ್ತು ಈ ವಾದದ ಬೆನ್ನೆಲುಬು ಇಲ್ಲಿದೆ. ಇಳಿಜಾರು ಮಾಡಿನ ಮನೆಯನ್ನು ಹಿಗ್ಗಿಸಲು ಹೊರಟವರಿಗೆ ಎರಡು ತೊಡಕು. ಮುಂದಕ್ಕೋ ಹಿಂದಕ್ಕೋ ಚಾಚಿದಷ್ಟೂ ಸೂರು ತಗ್ಗುತ್ತ ಬಂದು ಕೊನೆಗೆ ತಲೆ ಬಗ್ಗಿಸಿ ಓಡಾಡಬೇಕಾಗುತ್ತದೆ. ಪಕ್ಕಕ್ಕೆ ತಿರುಗಿಸಿದರೆ ಎರಡು ಇಳಿಜಾರು ಕೂಡುವ ಮೂಲೆಯಲ್ಲಿ ನೀರು ನಿಂತು ಸೋರುತ್ತದೆ. ಮಟ್ಟಸ ಮಾಳಿಗೆಗೆ ಈ ಎರಡೂ ಕಾಟವಿಲ್ಲ. ನಾಲ್ಕು ದಿಕ್ಕಿನಲ್ಲಿ ಎತ್ತ ಬೇಕಾದರೂ ಅದೇ ಎತ್ತರದಲ್ಲಿ ಇನ್ನೊಂದು ಅಂಕಣ ಜೋಡಿಸಬಹುದು, ನೀರಿಗೆ ಅರ್ಧ ಗೇಣು ವಾಟ ಕೊಟ್ಟು ದೋಣಿಯೊಂದನ್ನು ಹೊರಚಾಚಿದರೆ ಆಯಿತು. ಮನೆ ಬೆಳೆದು ನಡುವಿನ ಅಂಕಣ ಕತ್ತಲಾಯಿತೇ? ತಲೆಯ ಮೇಲೆ ಗವಾಕ್ಷಿ ತೆಗೆದು, ಮಳೆ ಬಂದಾಗ ಮುಚ್ಚಲು ಮಡಕೆಯನ್ನೋ ಬಂಡೆಯ ಹಲಗೆಯನ್ನೋ ಇಟ್ಟುಕೊಂಡರು. ಮಾಳಿಗೆಯ ಭಾರವನ್ನು ಕಂಬಗಳು ಹೊರುತ್ತಿದ್ದ ಮನೆಗಳಲ್ಲಿ ಹೊರಗೋಡೆಯನ್ನು ಒಡೆದು ಬಾಗಿಲು ಮಾಡಿದರೂ ಸೂರು ಅಲುಗುತ್ತಿರಲಿಲ್ಲ. ನಿನ್ನೆಯ ಹೊರಗೋಡೆ ಇಂದು ಕೋಣೆಗಳ ನಡುಗೋಡೆ. ಇಂಥ ಮಾಡು ಎಲ್ಲ ಕಡೆ ನಿಲ್ಲುವುದಿಲ್ಲ. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ, ಮಲೆನಾಡಿನ ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಬರ ಈ ನಾಡಿಗೆ ಕೊಟ್ಟ ಒಂದೇ ಉಪಕಾರವೆಂದರೆ ಇದೇ ಇರಬೇಕು: ಮಳೆ ಕಡಿಮೆಯಾದ್ದರಿಂದ ಮನೆಗೆ ನಾಲ್ಕೂ ದಿಕ್ಕು ತೆರೆದುಕೊಂಡಿತ್ತು.

ಮಾಳಿಗೆ ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಸಾಮಗ್ರಿಯ ಮಾತು ತಾನಾಗಿ ತಿಳಿಯುತ್ತದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಗೇಣು ಬಿಟ್ಟು ಗೇಣಿಗೊಂದು ಜಂತೆ. ಜಂತೆಯ ಮೇಲೆ ಒತ್ತಾಗಿ ಬಿದಿರ ಸೀಳು, ತೋಟದ ಸೀಮೆಯಲ್ಲಾದರೆ ಅಡಿಕೆ ದಬ್ಬೆ, ಏನೂ ಇಲ್ಲದವರಿಗೆ ಜಾಲಿ ಕಡ್ಡಿ. ಅದರ ಮೇಲೆ ಮಣ್ಣು ಉದುರದಂತೆ ಗುಡ್ಡದಿಂದ ತಂದ ಬಂದರೆ ಸೊಪ್ಪು, ಲಕ್ಕಿ ಸೊಪ್ಪು, ಹುಲ್ಲು. ಬಂದರೆ ಸೊಪ್ಪಿಗೆ ಹುಳ ಬೇಗ ತಗಲುವುದಿಲ್ಲ ಎಂಬ ನಂಬಿಕೆಯೂ ಇತ್ತು. ಸೊಪ್ಪಿನ ಮೇಲೆ ಕಲಸಿದ ಕೆಮ್ಮಣ್ಣು, ಒದ್ದೆ ಇರುವಾಗಲೇ ಬಡಿದು ತುಳಿದು ಗಟ್ಟಿ ಮಾಡಿದ ಪದರ. ಎಲ್ಲಕ್ಕೂ ಮೇಲೆ ಕರಲು. ಕರಲು ಬೆಳೆಗೆ ಬಾರದ ಮಣ್ಣು. ಉಪ್ಪು ಸವುಳಿನ ಅಂಶ ಹೆಚ್ಚಿರುವ ಜಾಗದಲ್ಲಿ ಬಿಳಿಚಿಕೊಂಡು ಬಿದ್ದಿರುತ್ತದೆ. ಸೋಡಿಯಂ ತುಂಬಿದ ಈ ಜೇಡಿ ನೀರು ಬಿದ್ದೊಡನೆ ಕದಡಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ಆಮೇಲಿನ ನೀರು ಇಳಿಯದೆ ಹರಿದುಹೋಗುತ್ತದೆ. ಹೊಲವನ್ನು ಹಾಳು ಮಾಡುವ ಗುಣವೇ ಮಾಳಿಗೆಯನ್ನು ಕಾಯುವ ಗುಣ. ಉಪ್ಪಿರುವುದರಿಂದ ಮೇಲೆ ಹುಲ್ಲು ಬೇರು ಬಿಡುವುದೂ ಕಡಿಮೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಒಂದೆರಡು ಗಾಡಿ ಕರಲು ತಂದು ಮಾಳಿಗೆಗೆ ಹರವುವುದು ಬಿತ್ತನೆಯಷ್ಟೇ ತಪ್ಪದ ಕೆಲಸವಾಗಿತ್ತು. ಈ ಪಟ್ಟಿಯಲ್ಲಿ ಅಂಗಡಿಯಿಂದ ತರಬೇಕಾದ ವಸ್ತು ಎಷ್ಟಿದೆ ಎಂದು ಹುಡುಕಿದರೆ ಬಾಗಿಲಿನ ಮೊಳೆ, ಚಿಲಕ, ಸರಪಳಿ ಬಿಟ್ಟು ಬೇರೇನೂ ಸಿಗದು. ಅವನ್ನೂ ಊರ ಕಮ್ಮಾರನೇ ಬಡಿದುಕೊಡುತ್ತಿದ್ದ.

ಗೋಡೆಯ ಕಥೆಯೂ ಹೀಗೆಯೇ. ಬೇಸಿಗೆಗೆ ಕೆರೆ ಬತ್ತಿದ ಮೇಲೆ ಅಂಗಳದ ಮಣ್ಣನ್ನು ಅಗೆದು, ಹೊಟ್ಟು ಹುಲ್ಲು ಸೇರಿಸಿ, ನೀರು ಬಿಟ್ಟು ಕೊಳೆಹಾಕಿ, ಎತ್ತು ಮನುಷ್ಯರು ಕೂಡಿ ತುಳಿದು ಹದ ಮಾಡುತ್ತಿದ್ದರು. ಕೆಲವರು ಹಸಿ ಇಟ್ಟಿಗೆ ಕೊಯ್ದು ಒಣಗಿಸಿ ಕಟ್ಟಿದರೆ, ಕೆಲವರು ಮಣ್ಣಿನ ಮುದ್ದೆಗಳನ್ನೇ ವರಸೆ ವರಸೆಯಾಗಿ ಇಡುತ್ತಿದ್ದರು. ಮೊಳದೆತ್ತರ ಇಟ್ಟು ಅದು ಬಿಗಿಯುವ ತನಕ ಕಾಯಬೇಕು, ಅವಸರ ಮಾಡಿದರೆ ಹೊಟ್ಟೆ ಬಿಡುತ್ತದೆ. ಸುಗ್ಗಿ ಮುಗಿದು ಯುಗಾದಿ ಕಳೆದು ಮುಂಗಾರು ಇಳಿಯುವ ತನಕದ ಎರಡು ಎರಡೂವರೆ ತಿಂಗಳು ಕಟ್ಟುವ ಕಾಲ, ಏಕೆಂದರೆ ಆಗ ಕೈ ಬಿಡುವು, ಮಣ್ಣು ಬಿಡುವು, ಎತ್ತೂ ಬಿಡುವು. ಒಂದು ಬೇಸಿಗೆಯಲ್ಲಿ ಒಂದು ಕುಟುಂಬ ತನ್ನ ಹೊಲದ ಕೆಲಸ ಕೆಡಿಸಿಕೊಳ್ಳದೆ ಎಷ್ಟು ಕಟ್ಟಬಲ್ಲದು ಎಂದು ಕೇಳಿಕೊಂಡರೆ ಒಂದು ಸಾಲು ಅಂಕಣ ಎಂಬ ಉತ್ತರವೇ ಬರುತ್ತದೆ. ಗೋಡೆ ಎದ್ದ ಮೇಲಿನ ಕೆಲಸ ಹೆಂಗಸರದು: ಮೆತ್ತುವುದು, ಸಗಣಿ ಸಾರಿಸುವುದು, ಕೆಮ್ಮಣ್ಣು ಸುಣ್ಣದ ಕಾರಣೆ ಎಳೆಯುವುದು, ಒಲೆ ಹಾಕುವುದು, ಗೂಡು ಬಿಡುವುದು. ಕಾಳು ತುಂಬುವ ಮಣ್ಣಿನ ವಾಡೆಗಳನ್ನು ಅವರೇ ಮಾಡಿ ಸಾಲಾಗಿ ನಿಲ್ಲಿಸಿದರೆ ನಡುಮನೆಗೂ ಅಡುಗೆಮನೆಗೂ ಮಧ್ಯೆ ಅದೇ ಗೋಡೆ. ಮನೆ ಹಿಗ್ಗಿಸುವುದೆಂದರೆ ಯಾವಾಗಲೂ ಹೊರಕ್ಕೆ ಕಟ್ಟುವುದೂ ಅಲ್ಲ. ಹಳೆಯ ಮನೆಯ ಮುಂದಿನ ಅಂಕಣಗಳು ದನಗಳವು; ಗೋದಲಿ ಅಲ್ಲೇ, ಒಂದು ಮೆಟ್ಟಿಲು ಮೇಲೆ ಮನುಷ್ಯರು. ಹಿತ್ತಲಲ್ಲಿ ಕೊಟ್ಟಿಗೆ ಎಬ್ಬಿಸಿ ದನಗಳನ್ನು ಅತ್ತ ಕಟ್ಟಿದರೆ ಮೂಲ ಗೋಡೆ ಮುಟ್ಟದೆಯೇ ಮನೆಗೆ ಎರಡಂಕಣ ಸಿಕ್ಕಂತೆ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೇ. ಬಡಗಿಯಿಲ್ಲದೆ ತೊಲೆ ಏರಿತೇ? ಒಡ್ಡರಿಲ್ಲದೆ ಬುನಾದಿಯ ಕಲ್ಲು ಕೂತಿತೇ? ಮನೆಯವರೇ ಕಟ್ಟಿದರು ಎನ್ನುವುದು ಕಸುಬುದಾರರ ದುಡಿಮೆಯನ್ನು ಅಳಿಸಿಹಾಕಿದಂತಲ್ಲವೇ? ಬಾಗಿಲವಾಡ, ಕಂಬದ ಬೋದಿಗೆ, ಕಂಬ ತೊಲೆ ಕೂಡುವ ಕಚ್ಚು ಇವು ಬಡಗಿಯ ಕೆಲಸ. ಕಲ್ಲು ಸೀಳುವುದು, ದೊಡ್ಡ ಮಣ್ಣಿನ ಕೆಲಸ ಕಲ್ಲೊಡ್ಡರು ಮಣ್ಣೊಡ್ಡರದು. ಇದರಲ್ಲಿ ಅನುಮಾನವಿಲ್ಲ. ಆದರೆ ಬಡಗಿ, ಕಮ್ಮಾರ ಊರಿನ ಆಯಗಾರರು. ನೇಗಿಲು ಕುಂಟೆ ರಿಪೇರಿಗೆ ಸುಗ್ಗಿಯಲ್ಲಿ ಅವರಿಗೆ ಕಾಳು ಸಲ್ಲುತ್ತಿತ್ತು. ಮನೆ ಕೆಲಸಕ್ಕೆ ಬೇರೆ ಕೂಲಿ, ಊಟ, ಬಾಗಿಲು ನಿಲ್ಲಿಸಿದ ದಿನ ಬಟ್ಟೆ ಎಲೆಯಡಿಕೆ ಕೊಡುವುದು ರೂಢಿ. ಅವರ ಪಾಲು ಮನೆಯ ಕಷ್ಟದ ಒಂದೆರಡು ಕೀಲಿನಲ್ಲಿ, ಎಣಿಸಬಹುದಾದಷ್ಟು ದಿನ. ಉಳಿದ ನೂರಾರು ಮಂಕರಿ ಮಣ್ಣು, ಸೊಪ್ಪು, ನೀರು, ತುಳಿತ ಮನೆಯವರದು ಮತ್ತು ಮುಯ್ಯಾಳುಗಳದು. ಮುಯ್ಯಾಳು ಎಂದರೆ ಈ ಬೇಸಿಗೆ ನಿಮ್ಮ ಮಾಳಿಗೆಗೆ ನಾವು, ಬರುವ ಬೇಸಿಗೆ ನಮ್ಮ ಗೋಡೆಗೆ ನೀವು. ತೊಲೆ ಏರಿಸುವುದಕ್ಕಂತೂ ಹತ್ತಾರು ಹೆಗಲು ಬೇಕು, ಅಷ್ಟು ಗಂಡಾಳು ಯಾವ ಮನೆಯಲ್ಲೂ ಇರುವುದಿಲ್ಲ. ಆದ್ದರಿಂದ ‘ತಾವೇ ಕಟ್ಟಿಕೊಂಡರು’ ಎಂಬುದನ್ನು ಇಂದಿನ ಅರ್ಥದಲ್ಲಿ, ಒಬ್ಬೊಂಟಿ ಸಾಹಸವಾಗಿ ತಿಳಿಯಬಾರದು. ಯಾರು ಯಾವಾಗ ಎಷ್ಟು ಕಟ್ಟಬೇಕು ಎಂಬ ತೀರ್ಮಾನ ಮನೆಯವರದು, ದುಡಿಮೆ ಸಾಲವಾಗಿ ಊರಿನದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಬಿಸಿ ಈ ವ್ಯವಸ್ಥೆಯಲ್ಲಿ ಅಷ್ಟಾಗಿ ತಟ್ಟುವಂತಿರಲಿಲ್ಲ, ಏಕೆಂದರೆ ಮದುವೆಯಂತೆ ಇದು ಒಂದೇ ದಿನಕ್ಕೆ ತೀರುವ ಖರ್ಚಾಗಿರಲಿಲ್ಲ.

ಎರಡನೆಯ ಆಕ್ಷೇಪ ಶಾಸ್ತ್ರದ ಕಡೆಯಿಂದ ಬರುತ್ತದೆ. ಮನೆಗೆ ಆಯ ನೋಡಿ ಅಳತೆ ಇಟ್ಟ ಮೇಲೆ ಅದನ್ನು ಎಳೆದು ಹಿಗ್ಗಿಸಿದರೆ ಆಯ ಕೆಡುವುದಿಲ್ಲವೇ, ಹಾಗಿದ್ದ ಮೇಲೆ ಸಂಪ್ರದಾಯವೇ ವಿಸ್ತರಣೆಗೆ ಅಡ್ಡ ನಿಂತಿತ್ತಲ್ಲವೇ? ಲೆಕ್ಕ ಹಾಕಿ ನೋಡೋಣ. ನಮ್ಮ ಕಡೆ ಬಳಕೆಯಲ್ಲಿರುವ ಕ್ರಮದಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ 8ರಿಂದ ಭಾಗಿಸುತ್ತಾರೆ. ಕೆಲವರು ನಡುವೆ 9ರಿಂದ ಗುಣಿಸುವುದುಂಟು, ಅದರಿಂದ ಉಳಿಕೆ ಬದಲಾಗುವುದಿಲ್ಲ. ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಆಮೇಲೆ ಸಿಂಹ, ಶ್ವಾನ, ವೃಷಭ, ಖರ, ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಉಳಿದವೆಲ್ಲ ಶುಭ, ಸಮ ಉಳಿದವೆಲ್ಲ ಅಶುಭ. ಹನ್ನೊಂದಕ್ಕೆ ಹದಿನೈದರ ಕೋಣೆ 165. ಎಂಟರಿಂದ ಭಾಗಿಸಿದರೆ ಉಳಿಯುವುದು 5, ವೃಷಭಾಯ. ಅದೇ ಕೋಣೆಯನ್ನು ನಾಲ್ಕು ಅಳತೆ ಉದ್ದ ಮಾಡಿದರೆ 11ಕ್ಕೆ 19, ಅಂದರೆ 209. ಉಳಿಯುವುದು 1, ಧ್ವಜಾಯ. ಇದು ಕಾಕತಾಳೀಯವಲ್ಲ. ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸವೇ ಬರುತ್ತದೆ, ಎಂಟರಿಂದ ಭಾಗಿಸಿದರೂ ಬೆಸವೇ ಉಳಿಯುತ್ತದೆ. ಎರಡೂ ಮಗ್ಗುಲು ಬೆಸ ಅಳತೆ ಇರುವ ಕೋಣೆಗೆ ಅಶುಭ ಆಯ ಬರುವ ಹಾಗೇ ಇಲ್ಲ, ಸಮ ಸಂಖ್ಯೆಯಷ್ಟು ಹಿಗ್ಗಿಸಿದರೆ ಅದು ಕೆಡುವ ಹಾಗೂ ಇಲ್ಲ. ಇಷ್ಟನ್ನು ತಿಳಿದ ಮೇಸ್ತ್ರಿಗೆ ಪಂಚಾಂಗವೇ ಬೇಡ. ಶಾಸ್ತ್ರ ಕೇಳಿದ್ದು ಹೊಸ ಅಂಕಣ ಒಪ್ಪವಾದ ಅಳತೆಯಲ್ಲಿ ಬರಲಿ ಎಂಬುದನ್ನು. ಮನೆ ಬೆಳೆಯಬಾರದು ಎಂದಲ್ಲ.

ಮೂರನೆಯ ಆಕ್ಷೇಪ ಇವೆರಡಕ್ಕಿಂತ ಭಾರವಾದದ್ದು, ಅದಕ್ಕೆ ಪೂರ್ತಿ ಉತ್ತರವಿದೆ ಎಂದು ನಾನು ಹೇಳಲಾರೆ. ಹಿಗ್ಗಲು ಜಾಗ ಬೇಕು, ಮಣ್ಣು ಹೇರಲು ಗಾಡಿ ಎತ್ತು ಬೇಕು, ಕರೆದರೆ ಬರಲು ಸರೀಕರು ಬೇಕು. ಈ ಮೂರೂ ಇದ್ದದ್ದು ಭೂಮಿಯುಳ್ಳ ಒಕ್ಕಲಿಗೆ. ಊರಾಚೆಯ ಕೇರಿಯಲ್ಲಿ ಗುಡಿಸಲಿಗೆ ಗುಡಿಸಲು ತಾಗಿಕೊಂಡಿದ್ದವರಿಗೆ ಹಿತ್ತಲೇ ಇರಲಿಲ್ಲ. ಮೂರು ತಲೆಮಾರು ಅದೇ ಒಂದಂಕಣದಲ್ಲಿ ಒತ್ತಿಕೊಂಡು ಬದುಕಬೇಕಾಯಿತು. ತೊಟ್ಟಿ ಮನೆಗಳು ಎದ್ದದ್ದರಲ್ಲಿ ಮುಯ್ಯಾಳಿನ ಜೊತೆಗೆ ಬಿಟ್ಟಿಯವರ, ಜೀತದವರ ಬೆವರೂ ಇದೆ. ಅವರು ಗೌಡನ ಗೋಡೆಗೆ ಮಣ್ಣು ಹೊತ್ತರು, ಅವರ ಗುಡಿಸಲಿಗೆ ಗೌಡ ಮುಯ್ಯಿ ತೀರಿಸಲು ಬರಲಿಲ್ಲ. ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗದ ಗೊಲ್ಲರಹಟ್ಟಿಗಳಲ್ಲಿ ಇನ್ನೊಂದೇ ಬಗೆಯ ಬೆಳವಣಿಗೆ. ಮುಳ್ಳುಬೇಲಿಯೊಳಗೆ ಗುಡಿಸಲು, ಮಗನಿಗೆ ಮದುವೆಯಾದರೆ ಅದೇ ಗುಡಿಸಲು ಹಿಗ್ಗುವುದಿಲ್ಲ, ಪಕ್ಕದಲ್ಲಿ ಹೊಸದು ಏಳುತ್ತದೆ, ಹಿಗ್ಗುವುದು ಹಟ್ಟಿ. ಮುಟ್ಟಾದ ಹೆಂಗಸರನ್ನು, ಬಾಣಂತಿಯರನ್ನು ಹಟ್ಟಿಯಾಚೆಗೆ ಕಳಿಸುವ ಪದ್ಧತಿ ಅಲ್ಲಿತ್ತು, ಕೆಲವೆಡೆ ಇನ್ನೂ ಇದೆ. ಎಷ್ಟೇ ಗುಡಿಸಲು ಸೇರಿಸಿದರೂ ಆ ದಿನಗಳಿಗೆ ಒಳಗೆ ಜಾಗವಾಗಲಿಲ್ಲ. ಹಾಗಾಗಿ ಮಾಳಿಗೆ ಮನೆ ಸ್ವಾವಲಂಬನೆಯ ಮಾದರಿ ಎಂದು ಸಾರಾಸಗಟು ಹೇಳುವವರ ಜೊತೆ ನನ್ನ ಸಹಮತವಿಲ್ಲ. ಆದರೂ ಈ ಆಕ್ಷೇಪ ನನ್ನ ವಾದವನ್ನು ಇನ್ನೊಂದು ಕಡೆಯಿಂದ ಗಟ್ಟಿಮಾಡುತ್ತದೆ. ಕೇರಿಯವರಿಗೆ ಕೈಚಳಕದ ಕೊರತೆ ಇರಲಿಲ್ಲ. ಊರಿನ ಗೋಡೆಗಳೇ ಅದಕ್ಕೆ ಸಾಕ್ಷಿ. ಇಲ್ಲದ್ದು ಜಾಗ ಮತ್ತು ಮುಯ್ಯಿ. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ನಿವೇಶನ ಹಂಚಿ ಜನತಾ ಮನೆಗಳನ್ನು ಕೊಟ್ಟಾಗ ಅನೇಕ ಕುಟುಂಬಗಳಿಗೆ ದೊರೆತ ದೊಡ್ಡ ಲಾಭ ಆ ಪುಟ್ಟ ಮನೆಗಿಂತ ಅದರ ಸುತ್ತಲಿನ ಖಾಲಿ ನೆಲ ಎಂದು ನನಗನ್ನಿಸುತ್ತದೆ.

ಮಣ್ಣಿನ ಮನೆ ಬಾಳುವುದಿಲ್ಲ ಎನ್ನುವವರಿಗೆ ಚಿತ್ರದುರ್ಗದ ಕೋಟೆಯೊಳಗೇ ಉತ್ತರವಿದೆ. ಕಲ್ಲಿನ ಕೋಟೆ ಎಂದು ಹೆಸರಾದ ಆ ಏಳು ಸುತ್ತಿನೊಳಗೆ ಟಂಕಸಾಲೆ, ಅರಮನೆಗಳದ್ದೆಂದು ತೋರಿಸುವ ಎತ್ತರದ ಮಣ್ಣಿನ ಗೋಡೆಗಳು ಮಾಡಿಲ್ಲದೆ ಬಯಲಲ್ಲಿ ನಿಂತಿವೆ. ಕೋಟೆ ಹೈದರಾಲಿಯ ಕೈಸೇರಿದ್ದು 1779ರಲ್ಲಿ. ಅದಕ್ಕೂ ಮುಂಚೆ ಆಳಿದ ನಾಯಕರ ಕಾಲದ ಗೋಡೆಗಳೆಂದರೆ ಅವುಗಳ ವಯಸ್ಸನ್ನು ಲೆಕ್ಕ ಹಾಕಿಕೊಳ್ಳಬಹುದು. ಹಾಗೆಂದು ಮಣ್ಣಿಗೆ ಅಪಾಯವೇ ಇಲ್ಲವೆಂದಲ್ಲ. ವರ್ಷ ವರ್ಷ ಕರಲು ಹೇರಿದರೆ ಮಾಳಿಗೆ ದಪ್ಪವಾಗುತ್ತ ಹೋಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನರ ಮೇಲೆ ಬಿದ್ದದ್ದು ಇಂಥದೇ ಭಾರದ ಮಾಡು ಮತ್ತು ಕಲ್ಲುಮಣ್ಣಿನ ಗೋಡೆ. ಬಯಲುಸೀಮೆಯ ನೆಲ ಅಷ್ಟು ನಡುಗುವುದಿಲ್ಲ ಎಂಬುದು ನಮ್ಮ ಅದೃಷ್ಟ, ಜಾಣ್ಮೆಯಲ್ಲ. ಇಲ್ಲಿ ಮಣ್ಣಿನ ಮನೆಗಳು ಬೀಳುವುದು ಮಳೆಗೆ. ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ಬಳಿಕ ಮೊದಲ ಸಲ ಕೋಡಿ ಬಿದ್ದ 2022ರಂಥ ವರ್ಷದಲ್ಲಿ ಮಣ್ಣಿನ ಗೋಡೆಗಳಿಗೆ ಉಳಿಗಾಲ ಕಷ್ಟ. ಆದರೆ ಬೀಳುವ ಮುನ್ನ ಆ ಮನೆಗಳಿಗೆ ಎಷ್ಟು ವರ್ಷದಿಂದ ಕರಲು ಬಿದ್ದಿರಲಿಲ್ಲ, ಗೋಡೆಗೆ ಮೆತ್ತಿ ಎಷ್ಟು ಕಾಲವಾಗಿತ್ತು ಎಂಬುದನ್ನೂ ಕೇಳಬೇಕು. ಮಣ್ಣು ಪ್ರತಿ ವರ್ಷ ಆಳು ಬೇಡುವ ಸಾಮಗ್ರಿ. ಆಳು ತಪ್ಪಿದ ಮೇಲೆ ಅದನ್ನು ದೂರಿ ಏನು ಪ್ರಯೋಜನ.

ಈ ವ್ಯವಸ್ಥೆ ಒಂದೇ ಏಟಿಗೆ ಮುರಿಯಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1900ರ ಅರಣ್ಯ ಕಾಯಿದೆಯ ಹೊತ್ತಿಗೆ ಕಾಡಿನ ಮರಕ್ಕೆ ಸರ್ಕಾರದ ಬೇಲಿ ಬಿಗಿಯಾಗಿತ್ತು, ತೊಲೆಗೆ ಬೆಲೆ ಬಂತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ಮಾದರಿ ಎಲ್ಲೆಡೆ ಹಬ್ಬಿ, ರೈಲು ಚಿಕ್ಕಜಾಜೂರಿನ ತನಕ ಸರಕು ತರತೊಡಗಿದ ಮೇಲೆ ಅನುಕೂಲಸ್ಥರು ಮಾಳಿಗೆ ಕೆಡವಿ ಹೆಂಚು ಹೊದಿಸಿದರು. ಹೆಂಚು ಹಗುರ, ವರ್ಷಾವರ್ಷ ಕರಲು ಬೇಡ, ಸೋರಿದರೆ ಒಂದು ಹೆಂಚು ಸರಿಸಿದರೆ ಮುಗಿಯಿತು. ಹೆಂಗಸರ ಗಂಡಸರ ಎಷ್ಟೋ ದುಡಿಮೆ ಉಳಿಯಿತು ಎಂಬುದನ್ನು ಮರೆಯಬಾರದು. ಆದರೆ ಇಳಿಜಾರಿನ ಜೊತೆಗೆ ಮಲೆನಾಡಿನ ತೊಡಕೂ ಬಂತು. ಹೆಂಚಿನ ಮನೆ ಹುಟ್ಟಿದಷ್ಟೇ ಗಾತ್ರದಲ್ಲಿ ನಿಂತುಬಿಟ್ಟಿತು, ಹೆಚ್ಚೆಂದರೆ ಮುಂದೊಂದು ತಗ್ಗು ಸೂರಿನ ಪಡಸಾಲೆ. ಆಮೇಲೆ ಬಂದ ಸಿಮೆಂಟು ಕಬ್ಬಿಣದ ತಾರಸಿ ಮತ್ತೆ ಮಟ್ಟಸ ಮಾಡನ್ನು ತಂದಿತು. ಇಂದು ಹಿರೇಗುಂಟನೂರಿರಲಿ, ಹೊ‌ಸದುರ್ಗ ಹೊಳಲ್ಕೆರೆಯ ಯಾವ ಊರೇ ಇರಲಿ, ತಾರಸಿ ಮನೆಗಳ ನೆತ್ತಿಯ ಮೇಲೆ ಕಂಬದ ಕಂಬಿಗಳು ಮುಗಿಲಿಗೆ ಚುಚ್ಚಿಕೊಂಡು ನಿಂತಿರುವುದನ್ನು ನೋಡಬಹುದು. ಪಟ್ಟಣದ ಕಣ್ಣಿಗೆ ಅದು ಅರ್ಧಕ್ಕೆ ನಿಂತ ಕೆಲಸ. ನನಗದು ಅಂಕಣದ ಬುದ್ಧಿ ಹೊಸ ಸಾಮಗ್ರಿಯಲ್ಲಿ ಮುಂದುವರಿದದ್ದು: ಮನೆ ಮುಗಿದಿಲ್ಲ, ಮಗ ದುಡಿದು ಮೇಲೆ ಕಟ್ಟುತ್ತಾನೆ. ವ್ಯತ್ಯಾಸ ಒಂದೇ, ಅದು ಸಣ್ಣದಲ್ಲ. ಮಾಳಿಗೆಯ ಮುಂದಿನ ಅಂಕಣ ಮುಯ್ಯಾಳಿಗೆ ಕಾಯುತ್ತಿತ್ತು, ಈ ಕಂಬಿ ಕಾಯುವುದು ದುಡ್ಡಿಗೆ. ದುಡ್ಡು ಬರುವ ತನಕ ಮಳೆಯಲ್ಲಿ ನೆನೆದು ತುಕ್ಕು ಹಿಡಿಯುತ್ತದೆ.

ಮನೆ ಹಿಗ್ಗುವ ವಸ್ತು ಎಂಬುದನ್ನು ಜಗತ್ತಿನ ವಾಸ್ತುಶಿಲ್ಪಿಗಳು ತಡವಾಗಿ ಕಂಡುಕೊಂಡರು. ಪೆರುವಿನ ಬಡಾವಣೆಗಳಲ್ಲಿ ಕೆಲಸ ಮಾಡಿದ ಜಾನ್ ಟರ್ನರ್, ಜನ ತಾವೇ ಕಟ್ಟಿಕೊಳ್ಳುವ ಮನೆಯ ತೀರ್ಮಾನ ಅವರ ಕೈಯಲ್ಲಿರಬೇಕೆಂದು 1976ರಲ್ಲಿ ಪುಸ್ತಕವನ್ನೇ ಬರೆದರು. ಚಿಲಿಯ ಅಲೆಹಾಂದ್ರೊ ಅರಾವೇನಾ 2004ರಲ್ಲಿ ಇಕೀಕೆ ಪಟ್ಟಣದ ಸುಮಾರು ನೂರು ಕುಟುಂಬಗಳಿಗೆ ಅರ್ಧ ಮನೆ ಕಟ್ಟಿಕೊಟ್ಟು, ಉಳಿದರ್ಧದ ಜಾಗವನ್ನು ಖಾಲಿ ಬಿಟ್ಟರು; ಕುಟುಂಬಗಳು ಅದನ್ನು ತಾವೇ ತುಂಬಿಕೊಂಡವು. 2016ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ನಮ್ಮಜ್ಜ ಇದನ್ನು ಮೊದಲೇ ಮಾಡಿದ್ದ ಎಂದು ಮೀಸೆ ತಿರುವಲು ಈ ಮಾತಲ್ಲ. ಅರಾವೇನಾ ಮಾಡಿದ ಮುಖ್ಯ ಕೆಲಸ ಹಿಗ್ಗುವ ಜಾಗವನ್ನು ನಕ್ಷೆಯಲ್ಲೇ ಕಾದಿರಿಸಿದ್ದು. ಅದೇ ವರ್ಷ, 2016ರಲ್ಲಿ ಶುರುವಾದ ನಮ್ಮ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಬಯಲು ಪ್ರದೇಶಕ್ಕೆ ನೆರವು 1.20 ಲಕ್ಷ ರೂಪಾಯಿ. ಗುತ್ತಿಗೆದಾರರಿಗೆ ಅವಕಾಶವಿಲ್ಲ, ಫಲಾನುಭವಿಯೇ ಕಟ್ಟಿಕೊಳ್ಳಬೇಕು. ಉದ್ಯೋಗ ಖಾತ್ರಿಯಿಂದ 90 ದಿನಗಳ ಕೂಲಿ ಸಿಗುತ್ತದೆ. ಈ ಕೂಲಿಯ ಏರ್ಪಾಡಿನಲ್ಲಿ, ಯಾರೂ ಉದ್ದೇಶಿಸದೆಯೇ, ಮುಯ್ಯಾಳಿನ ಜಾಗಕ್ಕೆ ಸರ್ಕಾರ ಬಂದು ನಿಂತಂತಿದೆ. 25 ಚದರ ಮೀಟರ್ ಎಂದರೆ ಸುಮಾರು 270 ಚದರಡಿ. ಒಂಬತ್ತಡಿ ಚೌಕದ ಅಂಕಣ 81 ಚದರಡಿ, ಮೂರಂಕಣ 243. ಅಂದರೆ ದೆಹಲಿಯಲ್ಲಿ ಗೊತ್ತುಮಾಡಿದ ಕನಿಷ್ಠ ಮನೆ, ನಮ್ಮ ಒಕ್ಕಲು ಮಕ್ಕಳು ಸಂಸಾರ ಹೂಡುತ್ತಿದ್ದ ಮೂರಂಕಣದ ಮನೆಗಿಂತ ತುಸುವೇ ದೊಡ್ಡದು. ಅಳತೆ ಕಡಿಮೆಯಾಯಿತೆಂದು ಯೋಜನೆಯನ್ನು ಬೈಯುವವರ ಜೊತೆ ನಾನು ಅಷ್ಟಾಗಿ ಸೇರುವುದಿಲ್ಲ. ಮೂರಂಕಣ ಆರಂಭಕ್ಕೆ ಸಾಕು. ನನ್ನ ತಕರಾರು ಆರನೆಯ ಅಂಕಣದ್ದು. ಯೋಜನೆಯ ಹಣ ಬುನಾದಿ, ಗೋಡೆ, ಮಾಡು ಎಂದು ಹಂತ ಹಂತದ ಫೋಟೊ ನೋಡಿ ಬಿಡುಗಡೆಯಾಗುತ್ತದೆ, ಕೊನೆಯ ಫೋಟೊ ಬಿದ್ದ ದಿನ ಕಡತದಲ್ಲಿ ಮನೆ ಮುಗಿದುಹೋಗುತ್ತದೆ. ಆಮೇಲೆ ಮಗನಿಗೆ ಮದುವೆಯಾಗುತ್ತದೆ.

ಆಗ ಕುಟುಂಬ ಏನು ಮಾಡುತ್ತದೆ ಎಂಬುದಕ್ಕೆ ಯಾವ ಊರಿನ ಜನತಾ ಕಾಲೊನಿಯಾದರೂ ಸಾಕ್ಷಿ. ಮನೆಯ ಮುಂದೆ ನಾಲ್ಕು ಕಲ್ಲುಕಂಬ ಇಲ್ಲವೇ ಕಬ್ಬಿಣದ ಕೊಳವೆ ನೆಟ್ಟು ತಗಡು ಹೊದಿಸುತ್ತಾರೆ. ಒಂದು ಬದಿಗೆ ಸಿಮೆಂಟು ಇಟ್ಟಿಗೆಯ ಅರ್ಧಗೋಡೆ, ಒಳಗೆ ಒಲೆ ಅಥವಾ ಬೈಕು ಅಥವಾ ಹೊಸ ಸೊಸೆಯ ಮಂಚ. ಗಂಡ ಹೆಂಡತಿ, ನಾಲ್ಕು ಜನ ನೆಂಟರು ಸೇರಿ ಎರಡು ಮೂರು ದಿನದಲ್ಲಿ ಮುಗಿಸುವ ಕೆಲಸ, ಬೆಸುಗೆ ಹಾಕುವವನೊಬ್ಬನೇ ಹೊರಗಿನವನು. ಹಿಂದೆ ಬಡಗಿ ನಿಂತಿದ್ದ ಜಾಗದಲ್ಲಿ ಈಗ ಅವನಿದ್ದಾನೆ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ಮಧ್ಯಾಹ್ನ ಕೂರಲಾಗದು, ಮಳೆಗಾಲದಲ್ಲಿ ಮಾತು ಕೇಳಿಸದು. ಹಾಗೆಂದು ಬೇರೆ ದಾರಿಯೇ ಇರಲಿಲ್ಲವೆಂದಲ್ಲ. ಇದೇ ಜಿಲ್ಲೆಯ ಚಳ್ಳಕೆರೆಯ ಬಳಿ ಕ್ಯಾಂಪಸ್ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ವರ್ಷಗಟ್ಟಲೆ ದುಡಿದು ರೂಪಿಸಿತು. ಬೆಂಗಳೂರಿನ ಸಿರಿವಂತರು ಅದರಲ್ಲಿ ಚಂದದ ಮನೆ ಕಟ್ಟಿಸಿಕೊಂಡರು. ಹಳ್ಳಿಗೆ ಅದು ಅಷ್ಟಾಗಿ ಬರಲಿಲ್ಲ, ಏಕೆಂದರೆ ಇಟ್ಟಿಗೆ ಒತ್ತುವ ಯಂತ್ರ ಬೇಕು, ಒತ್ತುವ ಆಳು ಬೇಕು, ಗಟ್ಟಿಯಾಗುವ ತನಕ ನೀರುಣಿಸುತ್ತ ಕಾಯಬೇಕು. ತಗಡು ಅಂಗಡಿಯಿಂದ ಬಂದ ದಿನವೇ ಮಾಡಾಗುತ್ತದೆ. ತಗಡು ಅಂಗಡಿಯಲ್ಲಿ ಸಿಗುವುದು ಎಂಟು, ಹತ್ತು, ಹನ್ನೆರಡು ಅಡಿ ಉದ್ದದಲ್ಲಿ, ಅಗ್ಗಕ್ಕೆ ಬರುವುದು ಎಂಟಡಿಯದು. ಅದನ್ನು ಕತ್ತರಿಸುವ ಗೋಜಿಗೆ ಹೋಗದೆ ಕಂಬಗಳನ್ನೇ ತಗಡಿನ ಅಳತೆಗೆ ನೆಡುತ್ತಾರೆ. ಬೇವಿನ ತೊಲೆ ಒಂದು ಕಾಲಕ್ಕೆ ಗೊತ್ತುಮಾಡುತ್ತಿದ್ದ ಅಂಕಣದ ಅಗಲವನ್ನು ಈಗ ಅಂಗಡಿಯ ತಗಡು ಗೊತ್ತುಮಾಡುತ್ತಿದೆ.